ಕೊಟ್ಟ ನೀರಿನ ಋಣ

ನೀರು ಕೊಡುವುದು ಪುಣ್ಯವೆಂಬ ವಿಷಯದಲ್ಲಿ ನಮ್ಮಲ್ಲಿ ಎರಡು ಮಾತಿಲ್ಲ. ಮತ, ಜಾತಿ, ಭಾಷೆಗಳಲ್ಲಿ ಬೇರೆಬೇರೆಯಾದವರೂ ಇದೊಂದರಲ್ಲಿ ಒಂದೇ ಮನಸ್ಸಿನವರು. ಬೇಸಗೆಯಲ್ಲಿ ದಾರಿಬದಿಗೆ ಅರವಟ್ಟಿಗೆ ಇಟ್ಟವರನ್ನು, ದನಕರುಗಳಿಗೆ ನೀರಿನ ತೊಟ್ಟಿ ಕಟ್ಟಿಸಿದವರನ್ನು, ಹಿರಿಯರ ನೆನಪಿಗಾಗಿ ಬಾವಿ ತೋಡಿಸಿದವರನ್ನು ಊರು ತಲೆಮಾರುಗಳವರೆಗೆ ನೆನೆಯುತ್ತದೆ. ಅನ್ನದಾನದಲ್ಲಿಯಾದರೂ ಪಾತ್ರಾಪಾತ್ರ ವಿಚಾರ ಮಾಡುವವರುಂಟು; ಬಾಯಾರಿದವನಿಗೆ ನೀರು ಕೊಟ್ಟವನನ್ನು ಯಾವ ನೀತಿಶಾಸ್ತ್ರವೂ ಪ್ರಶ್ನಿಸಿಲ್ಲ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಒಳ್ಳೆಯ ಮನಸ್ಸಿನಿಂದ ಕೊಟ್ಟ ನೀರಿನಲ್ಲಿ, ಕೊಟ್ಟವನಿಗೂ ಕುಡಿದವನಿಗೂ ಕಾಣದ ವಿಷವಿದ್ದರೆ ಕೊಟ್ಟವನ ಹೊಣೆ ಏನು? ಅವನಿಗೆ ಪುಣ್ಯವೋ, ಪಾಪವೋ, ಎರಡೂ ಇಲ್ಲವೋ? ಇದು ತರ್ಕದ ಸೊಗಸಿಗಾಗಿ ಹೂಡಿದ ಪ್ರಶ್ನೆಯಲ್ಲ. ಕಳೆದ ಅರ್ಧ ಶತಮಾನದಲ್ಲಿ ಗಂಗೆ ಮತ್ತು ಬ್ರಹ್ಮಪುತ್ರೆಗಳು ಕಡಲು ಸೇರುವ ನಾಡಿನಲ್ಲಿ ಕೋಟಿಗಟ್ಟಲೆ ಜನರ ಬಾಳಿನಲ್ಲಿ ಇದು ನಿಜವಾಗಿಯೇ ಎದ್ದುಬಂದ ಪ್ರಶ್ನೆ. ಆ ನೀರಿನಲ್ಲಿದ್ದ ವಿಷ ಆರ್ಸೆನಿಕ್.

ಆರ್ಸೆನಿಕ್ ನಮಗೆ ಅಪರಿಚಿತವಾದ ವಸ್ತುವೇನಲ್ಲ. ಹಳೆಯ ವೈದ್ಯರು ಬಲ್ಲ ಶಂಖಪಾಷಾಣ ಅದರ ಒಂದು ರೂಪ. ಹರಿತಾಳ, ಮನಃಶಿಲೆಗಳು ಅದರ ಬೇರೆ ರೂಪಗಳು. ಇಲಿಪಾಷಾಣವೆಂಬ ಮಾತು ಇಂದಿಗೂ ಮನೆಮಾತು. ಪಾಷಾಣವೆಂದರೆ ಮೊದಲು ಕಲ್ಲು. ಕನ್ನಡದಲ್ಲಿ ಆ ಪದ ವಿಷಕ್ಕೂ ಸಂದಿತು. ನೀರಿನಲ್ಲಿ ಕರಗಿದ ಆರ್ಸೆನಿಕ್ಕಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕಾಯಿಸಿದರೆ ಅದು ಹೋಗದು. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಕುಡಿದ ದಿನ ಏನೂ ಆಗುವುದಿಲ್ಲ. ವರ್ಷಗಳು ಕಳೆದ ಮೇಲೆ ಎದೆ ಬೆನ್ನುಗಳ ಮೇಲೆ ಮಳೆಹನಿ ಬಿದ್ದಂಥ ಚುಕ್ಕೆಗಳು ಮೂಡುತ್ತವೆ. ಅಂಗೈ ಅಂಗಾಲುಗಳು ಗಂಟುಗಂಟಾಗಿ ಗಡುಸಾಗುತ್ತವೆ. ಮುಂದೆ ಕೆಲವರಿಗೆ ಚರ್ಮದ, ಮೂತ್ರಕೋಶದ, ಶ್ವಾಸಕೋಶದ ಅರ್ಬುದ ಬರುತ್ತದೆ. ಕಾರಣಕ್ಕೂ ಫಲಕ್ಕೂ ನಡುವೆ ಇಷ್ಟು ದೀರ್ಘವಾದ ಕಾಲವಿರುವುದರಿಂದಲೇ ಈ ವಿಷದ ನೀತಿಪ್ರಶ್ನೆ ಅಷ್ಟು ಜಟಿಲ.

ಬಂಗಾಳದ ಹಳ್ಳಿಗಳಲ್ಲಿ ಜನ ಹಿಂದೆ ಕುಡಿಯುತ್ತಿದ್ದುದು ಬಹುಮಟ್ಟಿಗೆ ಕೆರೆಕುಂಟೆಗಳ ನೀರು. ಕಾಲರಾ ಮತ್ತು ಭೇದಿಗಳಿಂದ ಮಕ್ಕಳು ಸಾಯುತ್ತಿದ್ದ ಕಾಲ ಅದು. ನೆಲದೊಳಗಿನ ನೀರಿನಲ್ಲಿ ಈ ರೋಗಗಳ ಸೂಕ್ಷ್ಮಜೀವಿಗಳ ಭಯ ಕಡಿಮೆ. ಆದುದರಿಂದ 1970ರ ದಶಕದಿಂದ ಬಾಂಗ್ಲಾದೇಶದ ಸರಕಾರವೂ ಯುನಿಸೆಫ್ ಮೊದಲಾದ ಸಂಸ್ಥೆಗಳೂ ಹಳ್ಳಿಹಳ್ಳಿಗೆ ಕೈಪಂಪಿನ ಕೊಳವೆಬಾವಿಗಳನ್ನು ಕೊರೆಯಿಸಿದವು. ಅದನ್ನು ನೋಡಿ ಜನ ತಾವೇ ದುಡ್ಡು ಹಾಕಿ ತಮ್ಮ ಅಂಗಳಗಳಲ್ಲಿ ಕೊರೆಯಿಸಿಕೊಂಡರು. ಕೊನೆಗೆ ಬಾವಿಗಳ ಸಂಖ್ಯೆ 1 ಕೋಟಿಯ ಆಸುಪಾಸಿಗೆ ಮುಟ್ಟಿತೆಂದು ಅಂದಾಜು. ಮಕ್ಕಳ ಸಾವು ಇಳಿದುದರಲ್ಲಿ ಈ ಬಾವಿಗಳಿಗೂ ಪಾಲಿದೆಯೆಂದು ನಂಬಲಾಗಿದೆ. ಅದು ಸಾರ್ಥಕವಾದ ದಾನವೆಂದೇ ಎಲ್ಲರೂ ಭಾವಿಸಿದರು.

1983ರಲ್ಲಿ ಕೊಲ್ಕತ್ತದ ಉಷ್ಣವಲಯ ವೈದ್ಯ ವಿದ್ಯಾಲಯದಲ್ಲಿ ಚರ್ಮರೋಗ ತಜ್ಞರಾಗಿದ್ದ ಡಾ. ಕೆ. ಸಿ. ಸಾಹಾ ಅವರು ಪಶ್ಚಿಮ ಬಂಗಾಳದ ಹಳ್ಳಿಗಳಿಂದ ಬಂದ ರೋಗಿಗಳ ಚುಕ್ಕೆಗಳನ್ನು ನೋಡಿ ಇದು ಆರ್ಸೆನಿಕ್ಕಿನ ಕೆಲಸವೆಂದು ಗುರುತಿಸಿದರು. 1988ರಿಂದ ಜಾದವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿಯವರು ತಮ್ಮ ಸಂಗಡಿಗರೊಂದಿಗೆ ಹಳ್ಳಿಗಳನ್ನು ಸುತ್ತಿ ಸಾವಿರಾರು ಬಾವಿಗಳ ನೀರನ್ನು ಪರೀಕ್ಷಿಸಿದರು. 1993ರಲ್ಲಿ ಬಾಂಗ್ಲಾದೇಶದ ಬಾವಿಗಳಲ್ಲಿಯೂ ಆರ್ಸೆನಿಕ್ ಇರುವುದು ಖಚಿತವಾಯಿತು. 2001ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯ ಪ್ರಕಾರ, 150 ಮೀಟರಿಗಿಂತ ಕಡಿಮೆ ಆಳದ ಬಾವಿಗಳಲ್ಲಿ ನೂರಕ್ಕೆ 27ರಷ್ಟು ಆ ದೇಶದ ಮಿತಿಯಾದ ಲೀಟರಿಗೆ 50 ಮೈಕ್ರೊಗ್ರಾಂ ದಾಟಿದ್ದವು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ 10 ಮೈಕ್ರೊಗ್ರಾಂ ಮಿತಿಯನ್ನು ದಾಟಿದವು ನೂರಕ್ಕೆ 46. ಮಾನವನ ಇತಿಹಾಸದಲ್ಲಿ ಒಂದು ಜನಸಮುದಾಯಕ್ಕೆ ಆದ ಅತಿ ದೊಡ್ಡ ವಿಷಪ್ರಾಶನವೆಂದು ವಿದ್ವಾಂಸರು ಇದನ್ನು ಕರೆದಿದ್ದಾರೆ.

ಇಲ್ಲಿ ಖಳನಾಯಕನಿಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಆ ವಿಷವನ್ನು ಯಾವ ಕಾರ್ಖಾನೆಯೂ ಸುರಿದುದಲ್ಲ. ಹಿಮಾಲಯದ ಕಲ್ಲುಗಳು ಸವೆದು ಬಂದ ಮೆಕ್ಕಲುಮಣ್ಣಿನ ಕಣಗಳ ಮೇಲೆ ಕಬ್ಬಿಣದ ತುಕ್ಕಿನಂಥ ಲೇಪವಿದೆ. ಆರ್ಸೆನಿಕ್ ಆ ತುಕ್ಕಿಗೆ ಅಂಟಿಕೊಂಡು ಬಂದಿದೆ. ಗಾಳಿಯಾಡದ ಆಳದಲ್ಲಿ, ಕೊಳೆತ ಸಸ್ಯಾಂಶಗಳ ನಡುವೆ, ಸೂಕ್ಷ್ಮಜೀವಿಗಳು ಆ ತುಕ್ಕನ್ನು ಕರಗಿಸುತ್ತವೆ. ಅಂಟಿದ್ದ ಆರ್ಸೆನಿಕ್ ಬಿಡುಗಡೆಯಾಗಿ ನೀರಿಗೆ ಸೇರುತ್ತದೆ. ಸಾವಿರಾರು ವರ್ಷಗಳಿಂದ ನಡೆದಿದ್ದ ಸಂಗತಿ ಇದು. ಮನುಷ್ಯ ಮಾಡಿದ್ದು ಒಂದೇ: ಆ ಆಳಕ್ಕೆ ಕೊಳವೆ ಇಳಿಸಿ ನೀರನ್ನು ಮೇಲೆ ತಂದುದು, ಅದೂ ಮಕ್ಕಳನ್ನು ಉಳಿಸುವುದಕ್ಕಾಗಿ.

ಖಳನಿಲ್ಲದ ಕಡೆ ಹೊಣೆಯೂ ಇಲ್ಲವೆ? ಈ ಪ್ರಶ್ನೆಯ ಒಂದು ಭಾಗ ಲಂಡನ್ನಿನ ನ್ಯಾಯಪೀಠದವರೆಗೂ ಹೋಯಿತು. 1992ರಲ್ಲಿ ಬ್ರಿಟನ್ನಿನ ಭೂವಿಜ್ಞಾನ ಸಂಸ್ಥೆಯೊಂದು ಬಾಂಗ್ಲಾದೇಶದ ಕೆಲವು ಬಾವಿಗಳ ನೀರನ್ನು ಪರೀಕ್ಷಿಸಿ ವರದಿ ಬರೆದಿತ್ತು. ಹಲವು ಧಾತುಗಳನ್ನು ಪರೀಕ್ಷಿಸಿದ ಆ ವರದಿಯಲ್ಲಿ ಆರ್ಸೆನಿಕ್ಕಿನ ಪರೀಕ್ಷೆ ಇರಲಿಲ್ಲ. ರೋಗಕ್ಕೆ ತುತ್ತಾದ ಹಳ್ಳಿಗನೊಬ್ಬನು, ಆ ವರದಿಯಿಂದ ನೀರು ಸುರಕ್ಷಿತವೆಂಬ ನಂಬಿಕೆ ಹುಟ್ಟಿತು, ಆದುದರಿಂದ ಸಂಸ್ಥೆ ಪರಿಹಾರ ಕೊಡಬೇಕು ಎಂದು ದಾವೆ ಹೂಡಿದನು. 2006ರ ಜುಲೈಯಲ್ಲಿ ಹೌಸ್ ಆಫ್ ಲಾರ್ಡ್ಸ್ ಅದನ್ನು ಏಕಮತದಿಂದ ತಳ್ಳಿಹಾಕಿತು. ತೀರ್ಪಿನ ತಿರುಳು ಇಷ್ಟು: ಆ ದೇಶದ ಜನರ ಕುಡಿಯುವ ನೀರಿನ ಮೇಲೆ ಆ ಸಂಸ್ಥೆಗೆ ಯಾವ ಹಿಡಿತವೂ ಇರಲಿಲ್ಲ, ಕುಡಿದವರಿಗೂ ವರದಿ ಬರೆದವರಿಗೂ ಹತ್ತಿರದ ಸಂಬಂಧವಿರಲಿಲ್ಲ, ಪರೀಕ್ಷಿಸದ ವಸ್ತುವಿನ ಬಗೆಗೆ ಪರೀಕ್ಷಿಸಿದವನನ್ನು ಹೊಣೆಗಾರನನ್ನಾಗಿ ಮಾಡಲಾಗದು.

ಈ ತೀರ್ಪನ್ನು ಬರಿಯ ನಿರ್ದಯತೆಯೆಂದು ತಳ್ಳಿಹಾಕುವುದು ಸರಿಯಲ್ಲ. ಜಗತ್ತಿನ ಯಾವುದೋ ಮೂಲೆಯಲ್ಲಿ ನೀರನ್ನು ನೋಡಿದವನು ತಾನು ನೋಡದೆ ಬಿಟ್ಟ ಎಲ್ಲಕ್ಕೂ ಹಣ ತೆರಬೇಕಾದರೆ ನಾಳೆ ಯಾರೂ ನೋಡಲು ಹೋಗುವುದಿಲ್ಲ. ಹಾಗೆಂದು ಅಲ್ಲಿಗೆ ಮಾತು ಮುಗಿಯುವುದೂ ಇಲ್ಲ. ನ್ಯಾಯಾಲಯದ ಮುಂದಿದ್ದುದು ಪರಿಹಾರದ ಹಣವನ್ನು ಯಾರು ತೆರಬೇಕೆಂಬ ಪ್ರಶ್ನೆ. ನೀತಿಯ ಮುಂದಿರುವ ಪ್ರಶ್ನೆ ಇನ್ನೂ ಹಿಂದಿನದು, ಇನ್ನೂ ದೊಡ್ಡದು.

ನಮ್ಮ ಭಾಷೆಯಲ್ಲಿ ಇದಕ್ಕೆ ಬೇಕಾದ ಪದಗಳು ಇವೆ. ತಪ್ಪು ಬೇರೆ, ಋಣ ಬೇರೆ. ತಿಳಿದು ಮಾಡಿದರೆ, ಅಥವಾ ತಿಳಿಯಬಹುದಾಗಿದ್ದೂ ತಿಳಿಯದೆ ಮಾಡಿದರೆ ತಪ್ಪು. ಋಣಕ್ಕೆ ಆ ನಿಬಂಧನೆಯಿಲ್ಲ. ಹೆತ್ತವರ ಋಣವೆನ್ನುತ್ತೇವೆ, ಊರಿನ ಋಣವೆನ್ನುತ್ತೇವೆ. ಅಲ್ಲಿ ಯಾರೂ ತಪ್ಪು ಮಾಡಿರುವುದಿಲ್ಲ. ಒಬ್ಬರ ಬಾಳಿನೊಳಗೆ ಇನ್ನೊಬ್ಬರ ಬಾಳು ಹೆಣೆದುಕೊಂಡಿತೆಂಬುದೇ ಋಣ ಹುಟ್ಟಲು ಸಾಕು. ಪಡೆದವನು ಮಾತ್ರ ಋಣಿಯೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಬಂಗಾಳದ ಬಾವಿಗಳು ಕಲಿಸುವುದು ಬೇರೊಂದನ್ನು: ಕೊಟ್ಟವನೂ ಋಣಿ. ಕೆರೆಯ ನೀರು ಬಿಡು, ಈ ಬಾವಿಯ ನೀರು ಕುಡಿ ಎಂದು ಹೇಳಿ ನಂಬಿಸಿದವನು, ಆ ನಂಬಿಕೆ ಇರುವಷ್ಟು ಕಾಲವೂ ಆ ನೀರನ್ನು ಗಮನಿಸುತ್ತಿರಬೇಕಾದ ಋಣಕ್ಕೆ ಸಿಕ್ಕಿಕೊಂಡಿದ್ದಾನೆ. 1970ರ ದಶಕದಲ್ಲಿ ಆರ್ಸೆನಿಕ್ ಪರೀಕ್ಷಿಸದೆ ಇದ್ದುದು ಆ ಕಾಲದ ರೂಢಿಗೆ ತಕ್ಕುದೇ ಆಗಿತ್ತು. ಆದರೆ ಒಂದೇ ಮೆಕ್ಕಲುನಾಡಿನ ಪಶ್ಚಿಮ ಭಾಗದಲ್ಲಿ 1983ರಲ್ಲಿ ತಿಳಿದುಬಂದುದು ಪೂರ್ವ ಭಾಗದಲ್ಲಿ ಖಚಿತವಾಗಲು ಹತ್ತು ವರ್ಷ ಬೇಕಾಯಿತು. ನಡುವೆ ಇದ್ದುದು ಒಂದು ರಾಜ್ಯದ ಗೆರೆ. ನೆಲದೊಳಗಿನ ನೀರು ಆ ಗೆರೆಯನ್ನು ಬಲ್ಲುದೇ ಅಲ್ಲ. ಮೊದಲು ತಿಳಿಯದೆ ಇದ್ದುದು ತಪ್ಪಲ್ಲ; ತಿಳಿದದ್ದು ಗೆರೆ ದಾಟಲು ಹತ್ತು ವರ್ಷ ಹಿಡಿದುದು ಋಣಭಂಗ.

ಎರಡನೆಯ ಪ್ರಶ್ನೆ ಸತ್ಯವನ್ನು ಹೇಳುವುದರ ಕುರಿತದ್ದು. ಈ ಶತಮಾನದ ಆರಂಭದಲ್ಲಿ ಬಾಂಗ್ಲಾದೇಶದಲ್ಲಿ ಸುಮಾರು 50 ಲಕ್ಷ ಕೊಳವೆಬಾವಿಗಳನ್ನು ಪರೀಕ್ಷಿಸಿ, ಮಿತಿ ದಾಟಿದ ಪಂಪಿನ ಮೂತಿಗೆ ಕೆಂಪು ಬಣ್ಣ, ಉಳಿದವಕ್ಕೆ ಹಸಿರು ಬಣ್ಣ ಬಳಿದರು. ಕೆಂಪಾದವು ಸುಮಾರು 14 ಲಕ್ಷ. ಬೇರೆ ನೀರನ್ನು ತೋರಿಸದೆ ಈ ನೀರು ವಿಷವೆಂದು ಹೇಳುವುದು ಸರಿಯೆ? ಕುಡಿಯದೆ ವಿಧಿಯಿಲ್ಲದವಳಿಗೆ ಕುಡಿಯುವ ಪ್ರತಿ ಬಿಂದಿಗೆಯಲ್ಲೂ ಭಯ ತುಂಬಿಕೊಟ್ಟಂತಾಗಲಿಲ್ಲವೆ? ಇದಲ್ಲದೆ ಬಣ್ಣ ಬಳಿದ ಕೈಪಂಪು ಒಂದು ಮನೆಯನ್ನೇ ಗುರುತು ಮಾಡಿತು. ರೋಗದ ಚುಕ್ಕೆಗಳನ್ನು ಕುಷ್ಠವೆಂದು ತಿಳಿದು ದೂರವಿಟ್ಟವರು ಇದ್ದರು, ಮದುವೆಗಳು ಮುರಿದವು, ರೋಗ ಅಂಟುವಂಥದ್ದಲ್ಲವೆಂದು ಹೇಳಿದರೂ ನಂಬದವರು ಇದ್ದರು.

ಇಷ್ಟೆಲ್ಲ ಇದ್ದರೂ ಹೇಳಿದುದೇ ಸರಿಯೆಂದು ನನ್ನ ತೀರ್ಮಾನ. ಕಾರಣ, ಆ ನೆಲದ ಸ್ವಭಾವದಲ್ಲಿಯೇ ಇದೆ. ಒಂದು ಬಾವಿ ಕೆಂಪಾದರೆ ಕೆಲವೇ ಮಾರು ದೂರದ ಇನ್ನೊಂದು ಹಸಿರಾಗಿರಬಹುದು. ಕೆಂಪು ಬಾವಿಯ ನೀರು ಸ್ನಾನಕ್ಕೆ, ಬಟ್ಟೆ ಒಗೆಯಲು ಆಗುತ್ತದೆ. ಕುಡಿಯಲು ಮತ್ತು ಅಡುಗೆಗೆ ಮಾತ್ರ ಬೇರೆ ನೀರು ಬೇಕು. ಅಂದರೆ ದುಬಾರಿಯಾದ ಯಂತ್ರ ಬರುವ ಮೊದಲೇ, ಸತ್ಯವೊಂದು ತಿಳಿದರೆ ಸಾಕು, ನೆರೆಮನೆಯ ಅಂಗಳದಲ್ಲಿಯೇ ಪರಿಹಾರ ಸಿಗಬಹುದಿತ್ತು. ಬಹಳ ಜನ ಹಾಗೆ ಬಾವಿ ಬದಲಿಸಿಯೂ ಬದಲಿಸಿದರು. ತಿಳಿಸದೆ ಇದ್ದಿದ್ದರೆ ಈ ಆಯ್ಕೆ ಅವರಿಗೆ ಇರುತ್ತಲೇ ಇರಲಿಲ್ಲ. ಬಡವನಿಗೆ ಸತ್ಯ ಭಾರವಾದೀತೆಂದು ಅವನ ಪರವಾಗಿ ನಾವು ಮುಚ್ಚಿಡುವುದು ದಯೆಯ ವೇಷ ಹಾಕಿದ ಅನಾದರ. ಆದರೆ ಹೇಳಿದವನಿಗೆ ಎರಡನೆಯ ಹೊಣೆಯೊಂದು ಅಂಟುತ್ತದೆ: ಹೇಳಿ ಹೊರಟುಹೋಗಬಾರದು. ಬಣ್ಣ ಕೆಲವು ವರ್ಷಗಳಲ್ಲಿ ಮಾಸುತ್ತದೆ. ಆಮೇಲೆ ಕೊರೆದ ಬಾವಿಗೆ ಬಣ್ಣವೇ ಇರುವುದಿಲ್ಲ. ಬಣ್ಣ ಮಾಸಿದ ಕೈಪಂಪಿನ ಬಳಿ ಬೆಳೆಯುವ ಮಗು, ತಾಯಿಗೆ ಒಮ್ಮೆ ಹೇಳಿದ ಸತ್ಯವನ್ನು ತಿಳಿಯದೆ ಅದೇ ನೀರನ್ನು ಕುಡಿಯುತ್ತದೆ.

ಹಸಿರು ಬಾವಿಯ ಒಡೆಯನ ವಿಷಯವನ್ನೂ ಯೋಚಿಸಬೇಕು. ಅವನ ಬಾವಿ ಶುದ್ಧವಾಗಿರುವುದು ಅವನ ಜಾಣತನದಿಂದಲ್ಲ, ನೆಲದೊಳಗಿನ ಅದೃಷ್ಟದಿಂದ. ಬೆಳಗಾದರೆ ಹತ್ತು ಮನೆಯ ಹೆಂಗಸರು ಕೊಡ ಹಿಡಿದು ಅವನ ಅಂಗಳಕ್ಕೆ ಬರುತ್ತಾರೆ. ಪಂಪು ಸವೆಯುತ್ತದೆ, ಅಂಗಳ ಕೆಸರಾಗುತ್ತದೆ, ಒಳಮನೆಯ ಏಕಾಂತ ಕೆಡುತ್ತದೆ. ಬೇಡವೆನ್ನುವ ಹಕ್ಕು ಅವನಿಗೆ ಕಾನೂನಿನಲ್ಲಿ ಇರಬಹುದು. ಆದರೆ ಅದೃಷ್ಟದಿಂದ ಬಂದುದನ್ನು ಪೂರ್ತಿ ತನ್ನದೆನ್ನುವ ಹಕ್ಕು ನೀತಿಯಲ್ಲಿ ಯಾರಿಗೂ ಇಲ್ಲವೆಂದು ಒಪ್ಪಿದರೆ, ಅವನು ನೀರು ಕೊಡಬೇಕು. ಅಷ್ಟೇ ಖಚಿತವಾಗಿ, ನೀರು ಒಯ್ಯುವವರು ಪಂಪಿನ ವಾಶರಿಗೂ ಅಂಗಳದ ಕಲ್ಲುಹಾಸಿಗೂ ತಮ್ಮ ಪಾಲು ಕೊಡಬೇಕು. ಒಬ್ಬನ ಔದಾರ್ಯದ ಮೇಲೆ ಮಾತ್ರ ನಿಂತ ನೀರು ಆ ಒಬ್ಬನ ಬೇಸರದ ದಿನ ನಿಂತುಹೋಗುತ್ತದೆ.

ಮೂರನೆಯ ಪ್ರಶ್ನೆ ವಿಷವನ್ನು ತೆಗೆಯುವುದರ ಕುರಿತದ್ದು; ಈ ಲೇಖನದ ತಿರುಳೂ ಅದೇ. ತೆಗೆಯುವ ವಿದ್ಯೆ ಮೇಲುನೋಟಕ್ಕೆ ಸರಳ. ಆರ್ಸೆನಿಕ್ಕನ್ನು ಭೂಮಿಯಲ್ಲಿ ಹಿಡಿದಿಟ್ಟಿದ್ದ ತುಕ್ಕೇ ಅದನ್ನು ನೀರಿನಿಂದ ಮತ್ತೆ ಹಿಡಿಯಬಲ್ಲುದು. ನೆಲದೊಳಗಿನ ನೀರಿನಲ್ಲಿ ಆರ್ಸೆನಿಕ್ ಬಹುಮಟ್ಟಿಗೆ ವಿದ್ಯುದಾವೇಶವಿಲ್ಲದ ರೂಪದಲ್ಲಿರುತ್ತದೆ. ಆ ರೂಪದಲ್ಲಿ ಅದು ಸುಲಭವಾಗಿ ಯಾವುದಕ್ಕೂ ಅಂಟದು. ಬ್ಲೀಚಿಂಗ್ ಪುಡಿಯನ್ನು ಹಾಕಿ ಅದರ ರೂಪವನ್ನು ಬದಲಿಸಿದರೆ ಕಬ್ಬಿಣದ ತುಕ್ಕಿಗೆ ಅಥವಾ ಅಲ್ಯುಮಿನಾ ಹರಳುಗಳಿಗೆ ಅಂಟಿಕೊಳ್ಳುತ್ತದೆ. ಬಾಂಗ್ಲಾದೇಶದಲ್ಲಿ ಹುಟ್ಟಿ ಅಮೆರಿಕದಲ್ಲಿ ಪ್ರಾಧ್ಯಾಪಕರಾದ ಅಬುಲ್ ಹುಸಾಮ್ ಅವರು ರೂಪಿಸಿದ ಸೋನೋ ಶೋಧಕ ಇದೇ ತತ್ತ್ವದ್ದು: ಮೇಲಿನ ಬಕೆಟ್ಟಿನಲ್ಲಿ ಮರಳು ಮತ್ತು ಸಂಸ್ಕರಿಸಿದ ಕಬ್ಬಿಣದ ಚೂರು, ಕೆಳಗಿನದರಲ್ಲಿ ಮರಳು, ಇದ್ದಿಲು, ಇಟ್ಟಿಗೆಯ ಚೂರು. ವಿದ್ಯುತ್ತು ಬೇಡ. 2007ರಲ್ಲಿ ಅಮೆರಿಕದ ರಾಷ್ಟ್ರೀಯ ಎಂಜಿನಿಯರಿಂಗ್ ಅಕಾಡೆಮಿಯು ಇದಕ್ಕೆ 10 ಲಕ್ಷ ಡಾಲರಿನ ಗ್ರೇಂಜರ್ ಬಹುಮಾನವನ್ನು ಕೊಟ್ಟಿತು. ಅದೇ ವರ್ಷ ಎರಡನೆಯ ಬಹುಮಾನ ಪಡೆದ ಅರೂಪ್ ಸೇನ್‌ಗುಪ್ತ ಅವರ ತಂಡ, ಪಶ್ಚಿಮ ಬಂಗಾಳದ ಹಳ್ಳಿಗಳ ಕೈಪಂಪುಗಳಿಗೇ ಜೋಡಿಸುವ ಶೋಧಕಗಳನ್ನು ಮಾಡಿತ್ತು.

ಇಲ್ಲಿ ತೆಗೆಯುವುದು ಎಂಬ ಪದವನ್ನೇ ನಿಲ್ಲಿಸಿ ನೋಡಬೇಕು. ಆರ್ಸೆನಿಕ್ ಒಂದು ಮೂಲಧಾತು. ಅದನ್ನು ಸುಟ್ಟರೆ ನಾಶವಾಗದು, ಕೊಳೆಸಿದರೆ ಕರಗಿಹೋಗದು. ನೀರಿನಿಂದ ತೆಗೆದರೆಂದರೆ ಬೇರೆಲ್ಲೋ ಇಟ್ಟರೆಂದೇ ಅರ್ಥ. ಶೋಧಕದಲ್ಲಿ ಉಳಿದ ಕೆಂಪು ಬಗ್ಗಡದಲ್ಲಿ ಆ ಎಲ್ಲ ವಿಷವೂ ಇರುತ್ತದೆ. ಅದನ್ನು ಹಳ್ಳದ ಕೆಸರಿಗೋ ಗಾಳಿಯಾಡದ ಗುಂಡಿಗೋ ಸುರಿದರೆ, ಭೂಮಿಯ ಆಳದಲ್ಲಿ ನಡೆದುದೇ ಅಲ್ಲಿಯೂ ನಡೆಯುತ್ತದೆ: ತುಕ್ಕು ಕರಗುತ್ತದೆ, ಆರ್ಸೆನಿಕ್ ಮತ್ತೆ ನೀರಿಗೆ ಸೇರುತ್ತದೆ. ಆದುದರಿಂದಲೇ ಸೇನ್‌ಗುಪ್ತರ ತಂಡ ಬಗ್ಗಡವನ್ನು ಗಾಳಿಯಾಡುವ ಮರಳಿನ ಹಾಸಿನ ಮೇಲೆ, ಶೋಧಕದ ಪಕ್ಕದಲ್ಲಿಯೇ, ಊರಿನವರ ಕಣ್ಣೆದುರು ಇಡುವ ಏರ್ಪಾಡು ಮಾಡಿತು. ತನ್ನ ಲೋಟವನ್ನು ಶುದ್ಧಮಾಡಿಕೊಳ್ಳುವವನು ಇನ್ನೊಬ್ಬನ ಹಳ್ಳವನ್ನು ಕೆಡಿಸುತ್ತಿಲ್ಲವೆ ಎಂದು ಕೇಳಿಕೊಳ್ಳಬೇಕಾದುದು ನೀತಿಯ ಮಾತು ಮಾತ್ರವಲ್ಲ, ರಸಾಯನಶಾಸ್ತ್ರದ ಮಾತೂ ಹೌದು.

ಇನ್ನೊಂದು ಕಹಿ ಸಂಗತಿಯಿದೆ. ಪಶ್ಚಿಮ ಬಂಗಾಳದಲ್ಲಿ ನಿಲ್ಲಿಸಿದ ಆರ್ಸೆನಿಕ್ ನಿವಾರಕ ಘಟಕಗಳನ್ನು ಪರಿಶೀಲಿಸಿ ಜಾದವಪುರದ ತಂಡ 2005ರಲ್ಲಿ ಪ್ರಕಟಿಸಿದ ಅಧ್ಯಯನ, ಅವುಗಳಲ್ಲಿ ಅನೇಕವು ನಂಬಲರ್ಹವಾಗಿ ಕೆಲಸ ಮಾಡುತ್ತಿಲ್ಲವೆಂದು ತೋರಿಸಿತು. ಹರಳುಗಳು ಒಂದು ಹಂತದಲ್ಲಿ ತುಂಬಿಹೋಗುತ್ತವೆ. ಆಮೇಲೆ ಯಂತ್ರದಿಂದ ನೀರು ಬರುತ್ತಲೇ ಇರುತ್ತದೆ, ವಿಷವೂ ಬರುತ್ತಲೇ ಇರುತ್ತದೆ. ಕೆಟ್ಟುನಿಂತ ಯಂತ್ರಕ್ಕಿಂತ, ನಡೆಯುತ್ತಿರುವಂತೆ ಕಾಣುವ ಯಂತ್ರ ಹೆಚ್ಚು ಅಪಾಯಕರ. ಅದು ಜಾಗರೂಕತೆಯನ್ನೇ ಕೊಲ್ಲುತ್ತದೆ. ಉದ್ಘಾಟನೆಯ ಕಲ್ಲಿನ ಮೇಲೆ ಹೆಸರು ಕೆತ್ತಿಸಿಕೊಂಡವರಿಗೆ ಆ ತುಂಬಿದ ಹರಳುಗಳ ಹೊಣೆ ಇಲ್ಲವೆ?

ಈ ವಿಷಯದಲ್ಲಿ ನಮ್ಮ ಹಿರಿಯರು ನಮಗಿಂತ ಮುಂದಿದ್ದರೆಂದು ಹೇಳಬಹುದು. ಕನ್ನಡ ಶಾಸನಗಳನ್ನು ಓದಿದವರಿಗೆ ಬಿತ್ತುವಟ್ಟ, ಕಟ್ಟುಗೊಡಗೆ, ದಸವಂದ ಎಂಬ ಪದಗಳು ಪರಿಚಿತ. ಕೆರೆ ಕಟ್ಟಿಸಿದವರು ಅಥವಾ ಆಳುವವರು ಆ ಕೆರೆಯ ಕೆಲಸಕ್ಕೆಂದೇ, ಅದರ ಪಾಲನೆಗೆಂದೇ ಭೂಮಿಯನ್ನೋ ಆದಾಯದ ಪಾಲನ್ನೋ ಬಿಟ್ಟುಕೊಡುತ್ತಿದ್ದರು. ಹೂಳು ಹೊರುವ ಬಂಡಿಯ ಖರ್ಚಿಗೂ ಏರ್ಪಾಡು ಮಾಡಿದ ಶಾಸನಗಳಿವೆ. ಇಂಥ ಶಾಸನಗಳು ಇಂದಿನ ರಾಜ್ಯಗಳ ಗಡಿಯೊಳಗೆ ನಿಂತಿಲ್ಲ. ಸೊಲ್ಲಾಪುರ, ಅನಂತಪುರ, ಕರ್ನೂಲು ಸೀಮೆಗಳಲ್ಲಿ ಕನ್ನಡ ಶಾಸನಗಳು ಹೇರಳವಾಗಿ ಸಿಕ್ಕಿವೆ. ಸೊನ್ನಲಿಗೆಯ ಸಿದ್ಧರಾಮರು 12ನೆಯ ಶತಮಾನದಲ್ಲಿ ಕಟ್ಟಿಸಿದರೆನ್ನುವ ಕೆರೆ ಸೊಲ್ಲಾಪುರದ ನಡುವೆ ಇಂದಿಗೂ ಇದೆ. ಕೆರೆಯೆಂದರೆ ಕಟ್ಟಿ ಮುಗಿಸಿದ ವಸ್ತುವಲ್ಲ, ನಡೆಸಿಕೊಂಡು ಬರಬೇಕಾದ ಕೆಲಸ ಎಂಬ ತಿಳಿವಳಿಕೆ ಆ ಶಾಸನಗಳ ಹಿಂದಿದೆ. ದಾನದೊಳಗೇ ಪಾಲನೆಯನ್ನು ಸೇರಿಸಿ ಲೆಕ್ಕ ಹಾಕುವುದು ಅವರ ಧರ್ಮ. ಪಾಲನೆಯಿಲ್ಲದ ದಾನ ಅವರ ದೃಷ್ಟಿಯಲ್ಲಿ ಅರ್ಧ ದಾನವಾಗಿತ್ತು.

ನಾಲ್ಕನೆಯದು ಮಿತಿಯ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆ 1993ರಲ್ಲಿ ಲೀಟರಿಗೆ 10 ಮೈಕ್ರೊಗ್ರಾಂ ಎಂಬ ಮಿತಿಯನ್ನು ಸೂಚಿಸಿತು. ಒಂದು ಲಕ್ಷ ಲೀಟರು ನೀರಿನಲ್ಲಿ ಒಂದು ಗ್ರಾಂ ಎಂದರೆ ಅದರ ಅಲ್ಪತೆ ತಿಳಿದೀತು. ಬಾಂಗ್ಲಾದೇಶದ ಮಿತಿ 50. ಭಾರತದ ಮಾನಕವು 10 ಎಂದು ಹೇಳಿ, ಬೇರೆ ನೀರಿಲ್ಲದ ಕಡೆ 50ರವರೆಗೆ ಸಡಿಲಿಕೆ ಕೊಟ್ಟಿತ್ತು. ಆಮೇಲೆ ಆ ಸಡಿಲಿಕೆಯನ್ನು ತೆಗೆಯಿತು. ಶ್ರೀಮಂತ ದೇಶವಾದ ಅಮೆರಿಕವೂ ದಶಕಗಳ ಕಾಲ 50ರಲ್ಲಿಯೇ ಇದ್ದು, ಖರ್ಚಿನ ಬಗೆಗೆ ಬಹಳ ವಾದವಾದ ಮೇಲೆ 2001ರಲ್ಲಿ 10ಕ್ಕೆ ಇಳಿಸಿ 2006ರಿಂದ ಜಾರಿಗೆ ತಂದಿತು. ಬಡವನ ಶರೀರ ಶ್ರೀಮಂತನ ಶರೀರಕ್ಕಿಂತ ಐದು ಪಟ್ಟು ವಿಷವನ್ನು ತಾಳಬಲ್ಲುದೆ? ತಾಳದು. ಹಾಗಾದರೆ 50 ಎಂಬ ಸಂಖ್ಯೆ ಶರೀರದ ಅಳತೆಯಲ್ಲ, ಖಜಾನೆಯ ಅಳತೆ. ಖಜಾನೆಯನ್ನು ನೋಡಿ ಮೊದಲು ಎಲ್ಲಿಂದ ಆರಂಭಿಸಬೇಕೆಂದು ನಿರ್ಧರಿಸುವುದು ತಪ್ಪಲ್ಲ. ಮುನ್ನೂರು ಇರುವ ಬಾವಿಯನ್ನು ಬಿಟ್ಟು ಮೂವತ್ತರದಕ್ಕೆ ಹಣ ಹಾಕುವುದು ವಿವೇಕವೂ ಅಲ್ಲ. ಆದರೆ ಅದನ್ನು ಸುರಕ್ಷಿತ ಎಂಬ ಹೆಸರಿನಿಂದ ಕರೆಯಬಾರದು. ನಮ್ಮಿಂದ ಸದ್ಯಕ್ಕೆ ಇಷ್ಟೇ ಆಗುತ್ತದೆ ಎನ್ನುವುದು ಪ್ರಾಮಾಣಿಕತೆ. ನಿಮಗೆ ಇಷ್ಟೇ ಸಾಕು ಎನ್ನುವುದು ವಂಚನೆ.

ಇದೆಲ್ಲ ದೂರದ ಬಂಗಾಳದ ಕಥೆಯೆಂದು ನಾವು ಸುಮ್ಮನಿರುವಂತಿಲ್ಲ. ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯ ಮಂಗಳೂರು ಎಂಬಲ್ಲಿ (ಇದು ಕರಾವಳಿಯ ಮಂಗಳೂರಲ್ಲ) ಹಿಂದೆ ಚಿನ್ನದ ಗಣಿ ನಡೆದಿತ್ತು. ಆ ಬಂಡೆಗಳಲ್ಲಿ ಚಿನ್ನದ ಜೊತೆಗೆ ಆರ್ಸೆನಿಕ್ಕಿನ ಖನಿಜವೂ ಇದೆ. ಸಮೀಪದ ಕಿರದಳ್ಳಿ ತಾಂಡಾದ ನೀರಿನಲ್ಲಿ ಆರ್ಸೆನಿಕ್ಕೂ ಜನರ ಮೈಮೇಲೆ ಅದೇ ಚುಕ್ಕೆ, ಗಂಟುಗಳೂ ಕಂಡುಬಂದವು. ಅದನ್ನು ಅಧ್ಯಯನ ಮಾಡಿದವರಲ್ಲಿ ಜಾದವಪುರದ ಚಕ್ರವರ್ತಿಯವರೂ ಒಬ್ಬರು. ಆ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅಲ್ಲಿಂದ ತೆಲಂಗಾಣದ ಗಡಿ ದೂರವಿಲ್ಲ. ಅನಂತಪುರ ಸೀಮೆಯ ಕನ್ನಡಿಗರಿಗಂತೂ ನೀರಿನ ವಿಷವೆಂದರೆ ಫ್ಲೋರೈಡ್ ಎಂದು ವಿವರಿಸಿ ಹೇಳಬೇಕಾಗಿಲ್ಲ. ಹಲ್ಲಿನ ಕಲೆ, ಬಗ್ಗಿದ ಬೆನ್ನುಗಳನ್ನು ಕಂಡವರೇ ಎಲ್ಲರೂ. ಪಟಿಕ ಮತ್ತು ಸುಣ್ಣದಿಂದ ಫ್ಲೋರೈಡ್ ತೆಗೆಯುವ ವಿಧಾನಕ್ಕೆ ತೆಲಂಗಾಣದ ನಲ್ಗೊಂಡದ ಹೆಸರೇ ಇದೆ.

ಗಡಿಯಾಚೆಯ ಕನ್ನಡಿಗರಾದ ನಮಗೆ ಇಲ್ಲೊಂದು ವಿಶೇಷವಾದ ಹೊಣೆಯಿದೆಯೆಂದು ತೋರುತ್ತದೆ. ನೀರಿನ ಪರೀಕ್ಷೆಯ ಫಲಿತಾಂಶ ಬರುವುದು ಆಯಾ ರಾಜ್ಯದ ಆಡಳಿತಭಾಷೆಯಲ್ಲಿ, ಇಲ್ಲವೆ ಇಂಗ್ಲಿಷಿನಲ್ಲಿ. ಮನೆಯಲ್ಲಿ ಕನ್ನಡ ಮಾತ್ರ ಬಲ್ಲ ಅಜ್ಜಿಗೆ, ಕೊಡ ಹೊತ್ತು ತರುವವಳಿಗೆ ಆ ಕಾಗದ ಮೂಕ. ಓದಲಾಗದ ಭಾಷೆಯಲ್ಲಿ ಹೇಳಿದ ಎಚ್ಚರಿಕೆ ಹೇಳದೆ ಇದ್ದುದಕ್ಕೆ ಸಮ. ನಾವು ಭಾಷೆಯ ಹಕ್ಕಿನ ಬಗೆಗೆ ಮಾತನಾಡುವಾಗ ಶಾಲೆ, ನಾಮಫಲಕ, ಉದ್ಯೋಗಗಳನ್ನು ನೆನೆಯುತ್ತೇವೆ, ಅದು ಯುಕ್ತವೇ. ಆದರೆ ಕುಡಿಯುವ ನೀರಿನ ಸತ್ಯವನ್ನು ತನ್ನ ಭಾಷೆಯಲ್ಲಿ ಕೇಳುವ ಹಕ್ಕು ಅವೆಲ್ಲಕ್ಕಿಂತ ಮೊದಲಿನದು. ಇದೇ ನ್ಯಾಯ ನಮ್ಮತ್ತಲೂ ತಿರುಗುತ್ತದೆ. ಕಿರದಳ್ಳಿ ತಾಂಡಾದ ಮನೆಮಾತು ಲಂಬಾಣಿ. ಅಲ್ಲಿ ಕನ್ನಡವೇ ಆಡಳಿತದ ಭಾಷೆ. ಗಡಿಯ ಆಚೆ ನಾವು ಕೇಳುವುದನ್ನು ಗಡಿಯ ಈಚೆ ಕನ್ನಡವು ಇತರರಿಗೆ ಕೊಡದಿದ್ದರೆ ನಮ್ಮ ಮಾತಿಗೆ ತೂಕವಿರದು.

ಕೊಟ್ಟವರ ಮೇಲೆ ಇಷ್ಟೆಲ್ಲ ಋಣ ಹೊರಿಸಿದರೆ ಇನ್ನು ಯಾರು ಕೊಡುತ್ತಾರೆ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ ಅದು. ಋಣವೆಂದರೆ ದಂಡವಲ್ಲವೆಂಬುದೇ ಅದಕ್ಕೆ ಉತ್ತರ. ತಾಯಿ ಹೆತ್ತ ಮಗುವಿಗೆ ಎಷ್ಟೋ ವರ್ಷ ಕಣ್ಣಾಗಿರುತ್ತಾಳೆ. ಅದಕ್ಕೆ ಹೆದರಿ ಯಾರೂ ಹೆರುವುದನ್ನು ಬಿಟ್ಟಿಲ್ಲ. ಕೊಡುವವನಿಗೆ ಬೇಕಾದುದು ಅಪರಾಧಿಯ ಭಯವಲ್ಲ, ಪಾಲಕನ ಎಚ್ಚರ. ಗೊತ್ತಾದಾಗ ಒಪ್ಪಿಕೊಳ್ಳುವುದು, ಬೇಗನೆ ಹೇಳುವುದು, ಹೇಳಿದ ಮೇಲೆ ಜೊತೆಗೆ ನಿಲ್ಲುವುದು ಇವಿಷ್ಟೇ ಅವನಿಂದ ನಿರೀಕ್ಷಿಸುವುದು. ದೊಡ್ಡ ಸಂಸ್ಥೆಗಳಿಗೆ ಕಷ್ಟವಾದುದು ಮೊದಲನೆಯದು; ನಮ್ಮಂಥ ಸಣ್ಣ ಊರುಗಳಿಗೆ ಕಷ್ಟವಾದುದು ಕೊನೆಯದು.

ಇಂದು ನಮ್ಮ ಬಹಳಷ್ಟು ಹಳ್ಳಿಗಳಲ್ಲಿ ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕಗಳು ನಿಂತಿವೆ. ಸಂಘಸಂಸ್ಥೆಗಳೂ ದಾನಿಗಳೂ ಅವನ್ನು ಕಟ್ಟಿಸುತ್ತಿದ್ದಾರೆ, ಅಭಿನಂದನಾರ್ಹವಾದ ಕೆಲಸ. ಅವುಗಳ ಹಿಂಬದಿಯ ಕೊಳವೆಯಿಂದ ಹೊರಹೋಗುವ ನೀರಿನಲ್ಲಿ, ಶುದ್ಧ ನೀರಿನಿಂದ ತೆಗೆದುದೆಲ್ಲವೂ ಗಟ್ಟಿಯಾಗಿ ಸೇರಿರುತ್ತದೆ. ಅದು ಯಾರ ಹೊಲಕ್ಕೆ, ಯಾವ ಹಳ್ಳಕ್ಕೆ ಹರಿಯುತ್ತಿದೆಯೆಂದು ಒಮ್ಮೆ ಹಿಂದೆ ಹೋಗಿ ನೋಡಬೇಕು. ಒಳಗಿನ ಪೊರೆಯನ್ನು ಕಡೆಯ ಬಾರಿ ಯಾವಾಗ ಬದಲಿಸಿದರು, ನೀರನ್ನು ಯಾವಾಗ ಪರೀಕ್ಷಿಸಿದರು ಎಂದು ಕೇಳಬೇಕು. ಆ ಉತ್ತರವನ್ನು ಕನ್ನಡದಲ್ಲಿಯೂ ಆ ಊರಿನ ಇತರ ಮನೆಮಾತುಗಳಲ್ಲಿಯೂ ಘಟಕದ ಗೋಡೆಯ ಮೇಲೆ ಬರೆಸಬೇಕು. ಹೊಸದಾಗಿ ಕಟ್ಟಿಸುವವರು ಕಟ್ಟುವ ಹಣದ ಜೊತೆಗೆ ಹತ್ತು ವರ್ಷದ ಪಾಲನೆಯ ಹಣವನ್ನೂ ಮೊದಲೇ ತೆಗೆದಿಡಬೇಕು. ಬಿತ್ತುವಟ್ಟದ ಅರ್ಥ ಅದೇ. ದಾನಿಯ ಹೆಸರಿನ ಕಲ್ಲನ್ನು ನೆಡುವುದಾದರೆ ಆ ಹಣ ಎತ್ತಿಟ್ಟ ದಿನ ನೆಡಬಹುದು.